ಪಕ್ಕೀರಮ್ಮನ ಬಟ್ಲ

ಕೊಟ್ಟೂರು
೧೨ ಆಗಸ್ಟ್ ೨೦೨೪

ಸಂಘಮಿತ್ರಾ,

ಕವರ್ ಮ್ಯಾಲಿನ ಅಕ್ಷರ ನೋಡಿದ ಕೂಡ್ಲೇ ಇದು ಯಾರದು ಅಂತ ನಿನಗ ಗೊತ್ತಾಗಿರತೈತಿ. ಹರಿದು ಹಾಕೋ ಮುಂಚೆ ಒಂದು ಸಲ ಓದು. ಆರು ವರ್ಷದಾಗ ನಿನಗ ಎಷ್ಟೋ ಸಲ ಫೋನ್ ಹಚ್ಚೀನಿ, ಹೋಗಂಗಿಲ್ಲ. ನನ್ನ ನಂಬರ್ ಬ್ಲಾಕ್ ಮಾಡೀದಿ. ಮಾಡಬೇಕಾದ್ದೇ. ನೀ ಈಗ ಹಗರಿಬೊಮ್ಮನಹಳ್ಳಿ ಲ್ಯಾಬಿನ್ಯಾಗ ಅದೀ ಅಂತ ನಮ್ಮ ಅಂಗಡಿಗೆ ಬರೋ ಔಷಧಿ ಏಜೆಂಟ್ ಹೇಳಿದ. ಅದಕ್ಕ ಲ್ಯಾಬಿನ ವಿಳಾಸಕ್ಕೇ ಬರಿಯಾಕತ್ತೀನಿ.

ನಮ್ಮತ್ತಿ, ನಮ್ಮನಿಯವರ ಅವ್ವ, ಅವರಿಗೆ ಆರಾಮಿಲ್ಲ. ಮೇ ತಿಂಗಳದಾಗ ಹಿಮ್ಮಡ ಸೀಳಿ ಕೀವಾತು. ನಮ್ಮದು ಮೆಡಿಕಲ್ ಶಾಪಿನ ಮನಿ, ನಿನಗ ಗೊತ್ತಿದ್ದದ್ದೇ. ನಮ್ಮನಿಯವರು ಅಂಗಡಿಯಿಂದ ಒಂದು ಗುಳಿಗಿ ತಂದ್ರು. ಮೂರು ದಿನಕ್ಕ ಬಾವು ಇಳೀಲಿಲ್ಲ ಅಂತ ಇನ್ನೊಂದು, ಅದೂ ಹತ್ತಲಿಲ್ಲ ಅಂತ ಅದಕ್ಕಿಂತ ದೊಡ್ಡದು. ಹಿಮ್ಮಡ ವಾಸಿ ಆತು. ಅದರ ಬೆನ್ನಿಗೇ ಭೇದಿ ಹತ್ತಿತು. ದಿನಕ್ಕ ಹನ್ನೆರಡು ಸಲ, ಹದಿನೈದು ಸಲ. ಅದಕ್ಕೂ ಅಂಗಡಿ ಗುಳಿಗೀನೇ. ಜ್ವರ ಬಂದು ನೆಲ ಹಿಡಿದ ಮ್ಯಾಲೆ ದಾವಣಗೆರಿಗೆ ಒಯ್ದ್ವಿ. ಅಲ್ಲಿ ಔಷಧಿ ಕೊಟ್ರು, ಹತ್ತು ದಿನದಾಗ ನಿಂತಿತು. ಮನಿಗೆ ಬಂದು ಎರಡು ವಾರಕ್ಕ ಮತ್ತ ಬಂತು. ಮತ್ತ ಔಷಧಿ, ಮತ್ತ ನಿಂತಿತು. ಈಗ ಮೂರನೇ ಸಲ.

ತುಂಬಿದ ಕೊಡ ಸೊಂಟದ ಮ್ಯಾಲೆ ಇಟ್ಕೊಂಡು ಓಣಿ ತುಂಬ ಮಾತಾಡಿಸ್ಕೋಂತ ಬರತಿದ್ದ ನಮ್ಮತ್ತಿ ಕೊಟ್ರಬಸಮ್ಮ, ಈಗ ಬಚ್ಚಲಿಗೆ ಹೋಗಾಕ ನನ್ನ ಹೆಗಲು ಹಿಡೀತಾರ. ಹಗುರ ಆಗ್ಯಾರ. ಆ ಹಗುರಕ್ಕೇ ನನಗ ಅಂಜಿಕಿ.

ರಿಪೋರ್ಟ್ ಝರಾಕ್ಸ್ ಇಟ್ಟೀನಿ. 'ಸಿ ಡಿಫ್' ಅಂತ ಐತಿ, 'ಇಂಟರ್‌ಲ್ಯೂಕಿನ್ ಆರು' ಅಂತ ಐತಿ, ಅದರ ಮುಂದ ಕೆಂಪು ಗೆರಿ. ಡಾಕ್ಟ್ರು ಎರಡು ನಿಮಿಷ ನಿಂತು ಹೋಗತಾರ. ಬಿಎಸ್ಸಿಯೊಳಗ ನನಗ ಪರೀಕ್ಷೆ ಹಿಂದಿನ ದಿನ ಪಾಠ ಹೇಳಿ ಪಾಸ್ ಮಾಡಿಸಿದಾಕಿ ನೀನು. ಇದೊಂದು ತಿಳಿಸಿ ಹೇಳು. ಬ್ಯಾರೆ ಏನೂ ಕೇಳಂಗಿಲ್ಲ.

ಗಂಗಾಂಬಿಕಾ


ಹಗರಿಬೊಮ್ಮನಹಳ್ಳಿ
೧೯ ಆಗಸ್ಟ್ ೨೦೨೪

ಗಂಗಾಂಬಿಕಾ ಅವರಿಗೆ,

ನಿಮ್ಮ ಪತ್ರ ಮುಟ್ಟಿತು. ರಿಪೋರ್ಟ್ ನೋಡಿದೆ.

ಕರುಳಿನ್ಯಾಗ ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಅದಾವ್ರಿ. ನಾವು ಉಂಡದ್ದರಾಗ ನಮಗ ಅರಗದ ನಾರು ಅವು ತಿಂತಾವು. ತಿಂದು ಒಂದು ನಮೂನಿ ಹುಳಿ ಬಿಡತಾವು, ಆ ಹುಳಿ ಕರುಳಿನ ಗ್ವಾಡಿಗೆ ಆಹಾರ. ಗ್ವಾಡಿ ಹಿಂದ ನಮ್ಮ ಮೈ ಕಾಯೋ ಕಣಗಳು ಕುಂತಿರತಾವು. ಅವು ಒಂದಕ್ಕೊಂದು ಮಾತಾಡೂದು ಚೀಟಿ ಕಳಿಸಿ. ಚೀಟಿ ಅಂದ್ರ ಸಣ್ಣ ಸಣ್ಣ ಪ್ರೋಟೀನು. 'ಬೆಂಕಿ ಬಿದ್ದೈತಿ, ಓಡಿ ಬರ್ರಿ' ಅನ್ನೋ ಚೀಟಿ ಅದಾವು. 'ಏನಾಗಿಲ್ಲ, ಸುಮ್ಮನ ಕುಂದರ್ರಿ' ಅನ್ನೋ ಚೀಟೀನೂ ಅದಾವು. ಒಳಗಿನ ಜೀವಿಗಳು ಆರಾಮಿದ್ರ ಸಮಾಧಾನದ ಚೀಟಿ ಹೆಚ್ಚು ಓಡಾಡತಾವು. ನಿಮ್ಮ ರಿಪೋರ್ಟಿನ ಇಂಟರ್‌ಲ್ಯೂಕಿನ್ ಆರು ಬೆಂಕಿ ಚೀಟಿ. ಏಳರ ಒಳಗ ಇರಬೇಕಾದ್ದು ತೊಂಬತ್ತಾರು ಐತಿ.

ಕೀವಿಗೆ ಕೊಟ್ಟ ಆ ಆಂಟಿಬಯೋಟಿಕ್ ಗುಳಿಗಿಗಳಿಗೆ ಒಳ್ಳೇದು ಕೆಟ್ಟದ್ದು ಗೊತ್ತಾಗಂಗಿಲ್ಲ. ಎಲ್ಲಾ ಕೊಂದಾವು. ಬೀಳು ಬಿಟ್ಟ ಹೊಲದಾಗ ಮೊದಲು ಏಳೂದು ಕಳೆ. ಸಿ ಡಿಫ್ ಅನ್ನೋ ರೋಗಾಣು ಆ ಕಳೆ. ಅದು ಬೀಜ ಕಟ್ಟಿ ಕುಂದರತೈತಿ, ಔಷಧಿ ನಿಂತ ಕೂಡ್ಲೇ ಮತ್ತ ಮೊಳಿತೈತಿ. ಅದಕ್ಕ ನಿಮಗ ಮೂರು ಸಲ ಆಗೈತಿ.

ಅವರನ್ನ ಮುಟ್ಟಿದ ಮ್ಯಾಲೆ ಸಬಕಾರ ಹಚ್ಚಿ ನೀರಾಗ ಕೈ ತಿಕ್ಕಿ ತೊಳೀರಿ. ಸ್ಯಾನಿಟೈಸರ್‌ಗೆ ಆ ಬೀಜ ಸಾಯಂಗಿಲ್ಲ. ಬಚ್ಚಲಕ್ಕ, ಕಕ್ಕಸಕ್ಕ ಬ್ಲೀಚಿಂಗ್ ಪೌಡರ್ ಹಾಕ್ರಿ. ಭೇದಿ ನಿಲ್ಲಿಸೋ ಗುಳಿಗಿ ಅಂಗಡಿಯಿಂದ ತಂದು ಕೊಡಬ್ಯಾಡ್ರಿ, ಹೊಟ್ಟಿ ಉಬ್ಬಿ ಜೀವಕ್ಕ ಬಂದೀತು. ದಾವಣಗೆರಿಗಿಂತ ದೊಡ್ಡ ಕಡೆ ತೋರಿಸ್ರಿ. ತಡ ಮಾಡಬ್ಯಾಡ್ರಿ.

ಮೆಡಿಕಲ್ ಶಾಪಿನವರಿಗೆ ಇದನ್ನ ನಾನು ಹೇಳಬೇಕಾತು. ಇಷ್ಟು ಕೇಳಿದ್ರಿ, ಇಷ್ಟು ಬರದೀನಿ.

ಸಂಘಮಿತ್ರಾ ಎನ್.
ಲ್ಯಾಬ್ ಟೆಕ್ನಿಷಿಯನ್


ಕೊಟ್ಟೂರು
೨ ಸೆಪ್ಟೆಂಬರ್ ೨೦೨೪

ಮಿತ್ರಾ,

ನೀ 'ಅವರಿಗೆ' ಅಂತ ಬರದದ್ದು ಎರಡು ಸಲ ಓದಿದೆ. ಇರಲಿ. ನೀ ಹೇಳಿದಂಗ ಬೆಂಗಳೂರಿಗೆ ಒಯ್ದ್ವಿ. ಅಲ್ಲಿ ಒಬ್ಬರು ಡಾಕ್ಟ್ರಮ್ಮ ಅರ್ಧ ತಾಸು ಕುಂದರಿಸಿಕೊಂಡು ಮಾತಾಡಿದ್ರು. ಇನ್ನ ಔಷಧಿ ಮ್ಯಾಲೆ ಔಷಧಿ ಕೊಟ್ರ ಅದೇ ಕತಿ ಅಂದ್ರು. ಗಟ್ಟಿ ಆರೋಗ್ಯ ಇದ್ದವರ ಹೊರಕಡಿ, ಅಂದ್ರ ಮಲ, ತಗೊಂಡು, ಸೋಸಿ, ನಳಿಗಿಯೊಳಗಿಂದ ಅತ್ತಿ ಕರುಳಿಗೆ ಬಿಡಬೇಕಂತ. ಅದರಾಗಿನ ಜೀವಿಗಳು ಅಲ್ಲಿ ಬೇರು ಹಿಡಿದ್ರ ಕಳೆ ತಾನೇ ಅಡಗತೈತಂತ. ನಮ್ಮನಿಯವರು ಮಾರಿ ಕಿವುಚಿದ್ರು. ನಾನು ಹೂಂ ಅಂದೆ. ದಿನಾ ಅವರ ಸೀರಿ ತೊಳಿಯೋ ಕೈಗೆ ಇನ್ನ ಎಂಥಾ ಹೇಸಿಗಿ.

ಕೊಡಾವರು ಆರು ತಿಂಗಳದಿಂದ ಆ ಥರದ ಗುಳಿಗಿ ತಿಂದಿರಬಾರದಂತ. ಅಲ್ಲೇ ಸಿಕ್ಕೊಂಡ್ವಿ ನೋಡು. ನಮ್ಮನಿಯವರು ಜುಲೈದಾಗ ನೆಗಡಿಗೆ ಐದು ದಿನ ತಿಂದಾರ. ನಾನು ಉರಿಮೂತ್ರಕ್ಕ ತಿಂದೀನಿ. ಹರಪನಹಳ್ಳಿ ಮೈದುನ ಪ್ರವೀಣಕುಮಾರ್ ಹಲ್ಲು ಕೀಳಿಸಿದಾಗ, ಅವನ ಹೆಂಡತಿ ಸುಮಲತಾ ಗಂಟಲ ನೋವಿಗೆ. ಕಾಕಾರು, ಅತ್ತಿಗೆರು, ಅವರ ಮಕ್ಕಳು, ಹನ್ನೊಂದು ಮಂದಿನ್ನ ಕೇಳಿದ್ವಿ. ಎಲ್ಲಾರೂ ನಮ್ಮ ಅಂಗಡಿ ಗುಳಿಗಿ ಪುಕ್ಕಟೆ ತಿಂದಾವರೇ. ಯಾರಿಗೆ ಸೀನು ಬಂದ್ರೂ ನಮ್ಮನಿಯವರು ಒಂದು ಗುಳಿಗಿ ಪಟ್ಟಿ ಕಳಸತಿದ್ರು, ಅದೇ ನಮ್ಮ ಪ್ರೀತಿ ಆಗಿತ್ತು. ದೇವರ ಗೂಡಿನ ಪಕ್ಕದಾಗ ಗುಳಿಗಿ ಡಬ್ಬಿ ಇಟ್ಟ ಮನಿ ನಮ್ಮದು. ಇಡೀ ಬಳಗದಾಗ ಅತ್ತಿಗೆ ಕೊಡಾಕ ಒಬ್ಬರ ಹೊಟ್ಟಿನೂ ಉಳಿದಿಲ್ಲ.

ನೀ ಕಾಲೇಜಿನ್ಯಾಗ ಜ್ವರ ಬಂದ್ರೂ ಗುಳಿಗಿ ಮುಟ್ಟತಿರಲಿಲ್ಲ. 'ಮೂರು ದಿನ ಮಲಗಿದ್ರ ತಾನೇ ಹೋಗತೈತಿ' ಅಂತಿದ್ದಿ. ಬ್ಯಾರೆ ಏನೂ ಕೇಳಂಗಿಲ್ಲ ಅಂತ ಬರದಿದ್ದೆ. ಈಗ ಕೇಳಾಕತ್ತೀನಿ. ನೀ ಕೊಡತೀ ಏನು?

ಇನ್ನೊಂದು ಮಾತು. ಕೊಟ್ಟವರು ಯಾರು ಅಂತ ರೋಗಿಗೆ ಹೇಳಲೇಬೇಕಂತ ಇಲ್ಲಂತ. ಅತ್ತಿಗೆ ನಿನ್ನ ಹೆಸರು ಹೇಳೂದು ಬ್ಯಾಡ ಅಂತಾರ ನಮ್ಮನಿಯವರು. ನನಗೂ ಹಂಗೇ ಅನಸತೈತಿ. ನಿನಗ ಯಾಕ ಅಂತ ಗೊತ್ತೈತಿ.

ನಿನ್ನ ದಾರಿ ಕಾಯೋ
ಗಂಗಿ


ಹಗರಿಬೊಮ್ಮನಹಳ್ಳಿ
೮ ಸೆಪ್ಟೆಂಬರ್ ೨೦೨೪

ಗಂಗಿ,

ಇನ್ನ ನೀವು ಗೀವು ಅಂತ ಬರಿಯಾಕ ಆಗಂಗಿಲ್ಲ. ಬೈಯೂದು ಐತಿ.

ಯಾಕ ಅಂತ ನನಗ ಗೊತ್ತೈತಿ. ನಿನಗ ಗೊತ್ತೈತೋ ಇಲ್ಲೋ ಅಂತ ನನಗ ಅನುಮಾನ. ಆರು ವರ್ಷದ ಹಿಂದ ನಾನು ನಿಮ್ಮ ಓಣ್ಯಾಗೇ ಬಾಡಿಗಿ ರೂಮಿನ್ಯಾಗ ಇದ್ದೆ. 'ನಮ್ಮನಿ ಮೊಸರು ಲೋಳಿ ಲೋಳಿ ಆಗಾಕತ್ತೈತಿ, ನಿಮ್ಮವ್ವನ ಮನೀದು ಹೆಪ್ಪು ಚಲೋ ಇರತೈತಿ, ಒಂದಿಷ್ಟು ತಂದು ಕೊಡು' ಅಂತ ಫೋನ್ ಮಾಡಿದಾಕಿ ನೀನು. ನಮ್ಮವ್ವನ ಸ್ಟೀಲ್ ಬಟ್ಲದಾಗ ತಂದು ಕೊಟ್ಟೆ. ಬಟ್ಲದ ಅಂಚಿಗೆ 'ಪಕ್ಕೀರಮ್ಮ' ಅಂತ ಅಕಿ ಹೆಸರು ಕೊರಿಸಿತ್ತು. ಮರುದಿನ ಮಧ್ಯಾಹ್ನ ಬಟ್ಲ ಇಸ್ಕೊಳ್ಳಾಕ ಬಂದೆ. ಹೊಸ್ತಿಲ ಹೊರಗ ಚಪ್ಪಲಿ ಬಿಡಾಕತ್ತಿದ್ದೆ. ಒಳಗ ನಿಮ್ಮತ್ತಿ ಆ ಹೆಸರು ಓದಿ, ಇದು ಯಾರ ಮನೀದು ಅಂತ ಕೇಳಾಕತ್ತಿದ್ರು.

ನೀ ಅಂದದ್ದು ನನಗ ಬಾಯಿಪಾಠ ಐತಿ. 'ನಾ ಕೇಳಿರಲಿಲ್ರಿ ಅತ್ತಿ, ಅಕಿನೇ ತಂದು ಇಟ್ಟು ಹೋದ್ಲು.'

ಆಮ್ಯಾಲೆ ಗಡಿಗಿ ಮೊಸರು ಮೋರಿಗೆ ಬಿದ್ದ ಸಪ್ಪಳ ಕೇಳಿದೆ. ನಿಮ್ಮತ್ತಿ ಚೆಲ್ಲಿದ್ದಕ್ಕ ನನಗ ಅಷ್ಟು ಸಿಟ್ಟಿಲ್ಲ. ಅಂಥಾದ್ದು ನೋಡಿಕೋಂತೇ ಬೆಳದೀವಿ ನಾವು. ಆದ್ರ ನಾ ಕರೀದೇ ಬಂದಾಕಿ, ತಾನೇ ತಂದು ಸುರಿದಾಕಿ ಅಂತ ಮಾಡಿದಿ ನೋಡು, ಅದು ನನ್ನ ಹೊಟ್ಟ್ಯಾಗ ಇನ್ನೂ ಹುಳಿ ಬಿಡಾಕತ್ತೈತಿ. ಬಟ್ಲ ಬಿಟ್ಟು ಹಂಗೇ ವಾಪಸ್ ಹೋದೆ.

ಈಗ ಮತ್ತ ಕೇಳಾಕತ್ತೀದಿ, ಮತ್ತ ಮುಚ್ಚಿಡು ಅಂತೀದಿ. ಅತ್ತಿಗೆ ಹೇಳು. ನಾನು ಕೇಳಿದೆ, ಅಕಿ ಕೊಡತಾಳ ಅಂತ ನಿನ್ನ ಬಾಯಿಲೇ ಹೇಳು. ನೀ ನಂಬರ್ ಕೊಟ್ಟೀಯಂತ, ಬೆಂಗಳೂರು ಆಸ್ಪತ್ರಿಯವರು ನನಗೂ ಫೋನ್ ಮಾಡಿದ್ರು, ಪರೀಕ್ಷೆಗೆ ಹೋಗಿ ಬರತೀನಿ. ಹೋದ ಮಾತ್ರಕ್ಕ ಒಪ್ಪಿದೆ ಅಂತ ತಿಳಕೋಬ್ಯಾಡ.

ಸಂಘಮಿತ್ರಾ


ಕೊಟ್ಟೂರು
೨೧ ಸೆಪ್ಟೆಂಬರ್ ೨೦೨೪

ಮಿತ್ರಾ,

ನೀ ಹೊರಗ ನಿಂತಿದ್ದಿ ಅಂತ ನನಗ ಗೊತ್ತಿರಲಿಲ್ಲ. ಆರು ವರ್ಷ ನೀ ಅತ್ತಿ ಮ್ಯಾಲೆ ಸಿಟ್ಟಾಗೀದಿ ಅಂತಾನೇ ತಿಳಕೊಂಡಿದ್ದೆ. ಹಂಗ ತಿಳಕೊಂಡ್ರ ನನಗ ನಿದ್ದಿ ಬರತಿತ್ತು.

ಹೇಳಾಕ ಹೋದೆ. 'ಅತ್ತಿ' ಅಂದೆ. 'ನೀರು' ಅಂದ್ರು. ನೀರು ಕೊಟ್ಟು ಬಂದೆ. ಮರುದಿನ ಮತ್ತ ಹೋದೆ, ಕಣ್ಣು ಮುಚ್ಚಿದ್ರು. ಉಸಿರು ಐತೋ ಇಲ್ಲೋ ಅಂತ ಮೂಗಿನ ಹತ್ರ ಬಟ್ಟು ಹಿಡಿದು ನೋಡಿದೆ. ಈಗ ಮೂವತ್ತೆಂಟು ಕೆಜಿ ಅದಾರ. ಔಷಧಿ ಮ್ಯಾಲೆ ಹೆಂಗೋ ತಡಕೊಂಡೈತಿ, ನಿಲ್ಲಿಸಿದ್ರ ಮತ್ತ ಶುರು.

ಅವರ ಹಟ ನಿನಗ ಗೊತ್ತಿಲ್ಲ. ಬ್ಯಾಡ ಅಂದ್ರ ಬ್ಯಾಡನೇ, ಸಾಯತಾರ ಹೊರತು ಮಾತು ಬದಲಸಂಗಿಲ್ಲ. ನಾ ಹೇಳಿ, ಅವರು ಒಲ್ಲೆ ಅಂದು, ಹೆಣ ಆದ್ರ? ಆಗ ಕೊಂದಾಕಿ ನಾನೇ. ಹೇಳದಿದ್ರ ನಿನಗ ಮತ್ತ ಅದೇ ಮೋಸ. ಬಚ್ಚಲದಾಗ ಅವರ ರಟ್ಟಿ ಹಿಡಕೊಂಡು ನಿಂತಾಗ ದಿನಾ ಇದೇ ಲೆಕ್ಕ ಹಾಕತೀನಿ.

ಪರೀಕ್ಷೆ ಏನಾತು ಅಂತ ಬರಿ.

ಗಂಗಿ


ಹಗರಿಬೊಮ್ಮನಹಳ್ಳಿ
೩೦ ಸೆಪ್ಟೆಂಬರ್ ೨೦೨೪

ಗಂಗಿ,

ಹೋಗಿ ಬಂದೆ. ಮೊದಲು ಆರು ಪುಟದ ಫಾರ್ಮ್ ತುಂಬಿಸಿದ್ರು. ಏನು ಉಣ್ಣತಿ, ಮೈ ಮ್ಯಾಲೆ ಹಚ್ಚೆ ಹಾಕಿಸೀಯೇನು, ಜೈಲಿಗೆ ಹೋಗಿದ್ದೀಯೇನು, ಯಾರ ಕೂಡ ಮಲಗೀದಿ, ಎಲ್ಲಾ ಕೇಳ್ಯಾರ. ಜಾತಿ ಎಲ್ಲಿ ಬರೀಬೇಕು ಅಂತ ಹುಡುಕಿದೆ. ಆ ಕಾಲಂ ಇರಲಿಲ್ಲ.

ನಮ್ಮವ್ವಗ ಹೇಳಿದೆ. ಅಕಿ ರೊಟ್ಟಿ ಬಡಿಯೂದು ನಿಲ್ಲಿಸಿ ನನ್ನ ಮಾರಿ ನೋಡಿದ್ಲು. 'ನಮ್ಮನೀ ನೀರು ಬ್ಯಾಡ ಅಂದಾವರನ್ನ ಕಂಡೀನಿ, ನಮ್ಮನೀ ಹೇಲು ಬೇಕು ಅಂದಾವರನ್ನ ಇದೇ ಮೊದಲು ಕೇಳಾಕತ್ತೀನಿ ನೋಡು' ಅಂದ್ಲು. ಅಂದು ನಕ್ಕಳು. ಭಾಳ ಹೊತ್ತು ನಕ್ಕಳು, ಆಮ್ಯಾಲೆ ಸೆರಗಿನಿಂದ ಕಣ್ಣು ಒರಿಸಿಕೊಂಡ್ಲು. ಕೊಡು, ಬ್ಯಾಡ ಅಂತ ಎರಡೂ ಹೇಳಲಿಲ್ಲ.

ಈಗ ನನಗ ಬ್ಯಾರೆ ಅಂಜಿಕಿ ಹತ್ತೈತಿ. ರಕ್ತದಾಗ ಹೆಪಟೈಟಿಸ್ ಬಿ ಪರೀಕ್ಷೆ ಇನ್ನೊಮ್ಮೆ ಮಾಡಬೇಕು ಅಂದಾರ, ಯಾಕ ಅಂತ ಹೇಳಿಲ್ಲ. ಮೂರು ವರ್ಷದ ಹಿಂದ ಲ್ಯಾಬಿನ್ಯಾಗ ಒಬ್ಬ ರೋಗಿಗೆ ಹಾಕಿದ ಸೂಜಿ ನನ್ನ ಬೆರಳಿಗೆ ಚುಚ್ಚಿತ್ತು. ತೊಳಕೊಂಡು ಸುಮ್ಮನಾಗಿದ್ದೆ. ದಿನಾ ಐವತ್ತು ಮಂದಿ ರಿಪೋರ್ಟ್ ಬರದು ಕೊಡಾಕಿ ನಾನು, ಕವರ್ ಒಡಿಯಾಕ ಅವರು ಯಾಕ ಹಿಂದ ಮುಂದ ನೋಡತಾರ ಅಂತ ಈಗ ಗೊತ್ತಾಗೈತಿ. ನಾಕು ದಿನದಿಂದ ಉಂಡದ್ದು ಮೈಗೆ ಹತ್ತವಲ್ದು. ನಮ್ಮವ್ವನ ತಾಟು ಬ್ಯಾರೆ, ನನ್ನ ತಾಟು ಬ್ಯಾರೆ ಇಟ್ಟೀನಿ. ಯಾಕ ಅಂತ ಅಕಿ ಕೇಳಿದ್ಲು. ಸುಳ್ಳು ಹೇಳಿದೆ.

ನಿನ್ನ ಸುಳ್ಳು ನೆನಪಾತು. ಹೆದರಿಕ್ಯಾಗ ಬಾಯಿಗೆ ಏನು ಬರತೈತಿ ಅಂತ ನನಗೂ ಈಗ ತಿಳೀತು. ಹಂಗಂತ ನಿನ್ನದು ಮಾಫ್ ಆಗೈತಿ ಅಂತಲ್ಲ.

೪ ಅಕ್ಟೋಬರ್. ಪತ್ರ ಹಾಕಿರಲಿಲ್ಲ. ಇವತ್ತು ಫೋನ್ ಬಂತು, ಎಲ್ಲಾ ಸರಿ ಐತಂತ. ನಾನು ಕೊಡಬಹುದಂತ. ಇಪ್ಪತ್ನಾಕಕ್ಕ ಬರ್ರಿ ಅಂದಾರ, ಬರತೀನಿ. ನೀ ಅತ್ತಿಗೆ ಹೇಳಿದ್ರೂ ಬರತೀನಿ, ಹೇಳದಿದ್ರೂ ಬರತೀನಿ. ಹೋಗೋ ಜೀವಕ್ಕ ಶರತ್ತು ಹಾಕು ಅಂತ ನಮ್ಮವ್ವ ನನಗ ಕಲಿಸಿಲ್ಲ. ಆದ್ರ ನೀ ಹೇಳದಿದ್ರ, ನಾ ನಿನಗ ಬರಿಯೋ ಕೊನೀ ಪತ್ರ ಇದು.

ಮಿತ್ರಾ


ಕೊಟ್ಟೂರು
೧೪ ಅಕ್ಟೋಬರ್ ೨೦೨೪

ಮಿತ್ರಾ,

ಹೇಳಿದೆ.

ಗುರುವಾರ ಮುಂಜಾನೆ ಅವರಿಗೆ ವಿಭೂತಿ ಹಚ್ಚಿ, ದಿಂಬಿಗೆ ಒರಗಿಸಿ ಕುಂದರಿಸಿ ಹೇಳಿದೆ. ನಮ್ಮನಿಯವರು ಅಂಗಡಿಗೆ ಹೋಗೂ ತನಕ ಕಾದಿದ್ದೆ. 'ಅತ್ತಿ, ನಿಮಗ ಕೊಡಾಕ ಬಳಗದಾಗ ಯಾರೂ ಆಗಲಿಲ್ಲ. ಸಂಘಮಿತ್ರಾ ಕೊಡತಾಳ. ಅಕಿನ್ನ ನಾನೇ ಕೇಳಿಕೊಂಡೀನಿ. ಅವತ್ತು ಹೆಪ್ಪೂ ನಾನೇ ಕೇಳಿ ಇಸ್ಕೊಂಡಿದ್ದೆ. ನಿಮಗ ಹೆದರಿ ಅಕಿ ಮ್ಯಾಲೆ ಹಾಕಿದೆ.' ಒಂದೇ ಉಸಿರಿಗೆ ಅಂದುಬಿಟ್ಟೆ.

ಅವರು ಗ್ವಾಡಿ ಕಡೆ ಮಾರಿ ತಿರುಗಿಸಿದ್ರು. ಆ ದಿನ ಮಾತಿಲ್ಲ. ಮರುದಿನಾನೂ ಇಲ್ಲ. ಗಂಜಿ ಬಾಯಿಗೆ ಹಿಡಿದ್ರ ತುಟಿ ಬಿಚ್ಚಲಿಲ್ಲ. ನಮ್ಮನಿಯವರಿಗೆ ಗೊತ್ತಾಗಿ, ನಮ್ಮವ್ವನ್ನ ಕೊಂದುಬಿಟ್ಟಿ ನೀನು ಅಂದ್ರು. ನನಗೂ ಹಂಗೇ ಅನಿಸಿತ್ತು. ನಿನಗ ಶಾಪ ಹಾಕಿದೆ, ಸುಳ್ಳು ಯಾಕ ಹೇಳಲಿ.

ಮೂರನೇ ದಿನ ಸೀರಿ ಬದಲಸಾಕ ಹೋದಾಗ ತಾವೇ ಬಾಯಿ ಬಿಟ್ರು. ಮಾರಿ ಇನ್ನೂ ಗ್ವಾಡಿ ಕಡೆನೇ ಇತ್ತು. 'ಅವತ್ತು ಮೊಸರು ಭಾಳ ಚಲೋ ಆಗಿತ್ತು' ಅಂದ್ರು. ನನಗ ಮೊದಲು ತಿಳೀಲಿಲ್ಲ. 'ಬಟ್ಲದ ಹೆಸರು ಓದಿದ್ದು ಉಂಡಾದ ಮ್ಯಾಲೆ. ಎರಡು ಸಲ ಹಾಕಿಸಿಕೊಂಡು ಉಂಡಿದ್ದೆ. ಚೆಲ್ಲಿದ್ದು ಗಡಿಗ್ಯಾಗಿಂದು, ಹೊಟ್ಟ್ಯಾಗಿಂದು ಹೆಂಗ ಚೆಲ್ಲಲಿ? ಯಾರಿಗೂ ಹೇಳದೇ ಹಂಗೇ ಇಟ್ಕೊಂಡೆ. ಆ ಸಂಜಿ ಎರಡು ಸಲ ಮೈ ತೊಳಕೊಂಡೆ.'

ಆಮ್ಯಾಲೆ ಗಂಜಿ ಕೇಳಿದ್ರು. ನಾಕು ಚಮಚ ಕುಡಿದ್ರು. 'ಕಾಗದ ಎಲ್ಲಿ ಐತಿ, ಸಹಿ ಹಾಕತೀನಿ' ಅಂದ್ರು.

ಬಟ್ಲ ನನ್ನ ಹತ್ರನೇ ಐತಿ, ಮಿತ್ರಾ. ಅವತ್ತು ಅವರು ತಿಪ್ಪಿಗೆ ಒಗಿ ಅಂದಿದ್ರು. ನಾ ಒಗೀಲಿಲ್ಲ. ಮದುವಿ ಸೀರಿ ಕೆಳಗ ಟ್ರಂಕಿನ್ಯಾಗ ಇಟ್ಟೀನಿ. ವಾಪಸ್ ಕೊಡಾಕ ಮಾರಿ ಇರಲಿಲ್ಲ.

ಇಪ್ಪತ್ನಾಕಕ್ಕ ಹತ್ತು ದಿನ ಐತಿ. ಅಷ್ಟು ದಿನ ತಡದಾರಾ?

ಗಂಗಿ


ಕೊಟ್ಟೂರು
೧೨ ನವೆಂಬರ್ ೨೦೨೪

ಮಿತ್ರಾ,

ಇಪ್ಪತ್ನಾಕಕ್ಕ ಆಸ್ಪತ್ರ್ಯಾಗ ನೀ ಡಬ್ಬಿ ಕೊಟ್ಟು ಹೋದಿ, ವಾರ್ಡಿಗೆ ಬರಲಿಲ್ಲ. ಲಿಫ್ಟಿನ ಹತ್ರ ನಿಂತು ಬಾಗಲ ಕಡೆ ನೋಡಿ ಹೋದಿ ಅಂತ ನರ್ಸಮ್ಮ ಹೇಳಿದ್ಲು. ಬರಬೇಕಾಗಿತ್ತು ಅಂತ ಅನ್ನಂಗಿಲ್ಲ.

ನಳಿಗಿಯೊಳಗಿಂದ ಬಿಟ್ಟ ಮೊದಲನೇ ದಿನ ಜ್ವರ ಬಂತು. ಎರಡನೇ ದಿನ ಐದು ಸಲ ಹೋದ್ರು. ಮೂರನೇ ದಿನ ಎರಡು ಸಲ. ನಾಕನೇ ದಿನ ಮುಂಜಾನೆ ಒಮ್ಮೆ ಹೋಗಿ ಬಂದು, 'ಗಟ್ಟಿ ಆತು' ಅಂದ್ರು. ನಾನು ಅಲ್ಲೇ ಕಾರಿಡಾರಿನ್ಯಾಗ ಕುಂತು ಅತ್ತೆ. ಅಂಥಾ ಮಾತಿಗೆ ಅಳತಾರೇನು, ನಾ ಅತ್ತೆ. ಮನಿಗೆ ಬರೂಮುಂದ ಮತ್ತ ರಕ್ತ ನೋಡಿದ್ರು. ನಿನ್ನ ಬೆಂಕಿ ಚೀಟಿ ತೊಂಬತ್ತಾರಿಂದ ಹನ್ನೊಂದಕ್ಕ ಇಳದೈತಿ.

ಇನ್ನೂ ಅಂಜಿಕಿ ಬಿಟ್ಟಿಲ್ಲ. ಎರಡು ತಿಂಗಳು ನೋಡಬೇಕು ಅಂದಾರ. ಬಚ್ಚಲ ಬಾಗಲ ಹಿಂದ ಸೀಮೆಸುಣ್ಣದಾಗ ಗೆರಿ ಎಳೀತೀನಿ, ದಿನಕ್ಕ ಎರಡು ಗೆರಿ ಆದ್ರ ಸಾಕು ಡಾಕ್ಟ್ರಮ್ಮನ ನಂಬರ್ ಹುಡುಕತೀನಿ. ನಮ್ಮನಿಯವರು ಗೂಡಿನ ಪಕ್ಕದ ಡಬ್ಬಿ ಖಾಲಿ ಮಾಡ್ಯಾರ. ಡಾಕ್ಟ್ರ ಚೀಟಿ ಇಲ್ಲದ ಗಿರಾಕಿಗೆ ಆ ಗುಳಿಗಿ ಕೊಡಂಗಿಲ್ಲ ಅಂತಾರ. ನಂಬೀನಿ, ಆದ್ರ ಒಂದು ಕಣ್ಣು ಇಟ್ಟೀನಿ.

ಅತ್ತಿ ನಿನ್ನ ಬಗ್ಗೆ ಏನೂ ಮಾತಾಡಂಗಿಲ್ಲ. ನಿನ್ನೆ ಮಾತ್ರ, 'ಟ್ರಂಕಿನ್ಯಾಗಿಂದು ತಗಿ' ಅಂದ್ರು. ಬಟ್ಲ ಅಲ್ಲೈತಿ ಅಂತ ಅವರಿಗೆ ಹೆಂಗ ಗೊತ್ತೋ. ಕೈಯಾಗ ಹಿಡಕೊಂಡು ತಿರುಗಿಸಿ ತಿರುಗಿಸಿ ನೋಡಿದ್ರು, ತಮ್ಮ ದಿಂಬಿನ ಪಕ್ಕದಾಗ ಇಟ್ಕೊಂಡಾರ.

ನಿನ್ನ
ಗಂಗಿ


ಕೊಟ್ಟೂರು
೬ ಜನವರಿ ೨೦೨೫

ಪಕ್ಕೀರಮ್ಮನವರಿಗೆ, ಮತ್ತ ಮಗಳು ಸಂಘಮಿತ್ರಾಗ,

ನಾನು ಕೊಟ್ರಬಸಮ್ಮ. ನಾಕನೇ ಕ್ಲಾಸಿನ ತನಕ ಓದೀನಿ, ಅಕ್ಷರ ಕೂಡದಿದ್ರ ಕೂಡಿಸಿಕೊಂಡು ಓದ್ರಿ. ಸೊಸಿ ಬರದು ಕೊಡತೀನಿ ಅಂದ್ಲು, ನಾನು ಒಲ್ಲೆ ಅಂದೆ.

ನನಗ ಆರಾಮಾಗೈತಿ. ಮೊನ್ನೆ ಎರಡು ತಿಂಗಳು ತುಂಬಿತು, ಡಾಕ್ಟ್ರಮ್ಮ ಇನ್ನ ಬರಬ್ಯಾಡ್ರಿ ಅಂದ್ಲು. ಜ್ವಾಳದ ರೊಟ್ಟಿ ಉಣ್ಣತೀನಿ. ನಿಮ್ಮ ಮಗಳು ಕೊಟ್ಟದ್ದು ನನ್ನ ಹೊಟ್ಟ್ಯಾಗ ಮನಿ ಮಾಡೈತಂತ, ನಾ ಇರೂ ತನಕ ಇರತೈತಂತ. ಇರಲಿ.

ನಾ ಮಾಡಿದ್ದು ತಪ್ಪು ಅಂತ ಬರಿಯಾಕ ಕುಂತೆ. ಮೂರು ಹಾಳಿ ಹರದೀನಿ. ಆ ಮಾತು ಕಾಗದದ ಮ್ಯಾಲೆ ಸಣ್ಣದಾಗಿ ಕಾಣತೈತಿ. ಅದಕ್ಕ ಬಟ್ಲ ಕಳಿಸೀನಿ.

ಮಂದಿ ಮನಿ ಪಾತ್ರಿ ಖಾಲಿ ಕಳಸಬಾರದು ಅಂತಿದ್ಲು ನಮ್ಮವ್ವ. ಸೊಸಿ ಸಕ್ಕರಿ ಹಾಕೋಣ ಅಂದ್ಲು. ಸಕ್ಕರಿ ಕೊಟ್ಟು ಮುಗಿಸೂದಲ್ಲ ಇದು. ಅದರಾಗ ಹೆಪ್ಪು ಐತಿ. ನಿನ್ನೆ ನಾನೇ ಹಾಲು ಕಾಸಿ ಹಾಕಿದ್ದು. ದೀಪ ಹಚ್ಚಿದ ಮ್ಯಾಲೆ ಹೆಪ್ಪು ಹೊರಗ ಕೊಡಬಾರದು, ಅದಕ್ಕ ಮುಂಜಾನೆ ಮೊದಲನೇ ಬಸ್ಸಿಗೆ ಸೊಸಿ ಕೈಯಾಗ ಕೊಟ್ಟು ಕಳಿಸೀನಿ. ಅಕಿ ಈಗ ನಿಮ್ಮ ಹೊಸ್ತಿಲ ಹೊರಗ ನಿಂತಿರತಾಳ. ಇದನ್ನ ಓದಿ ಮುಗಿಸೂ ತನಕ ಅಕಿನ್ನ ಒಳಗ ಕರೀಬ್ಯಾಡ್ರಿ. ನಿಂದರಲಿ.

ಹಾಲಿಗೆ ಹಾಕಿದ್ರ ಹಾಕ್ರಿ, ಉಂಡ್ರ ಉಣ್ರಿ. ಚೆಲ್ಲಿದ್ರೂ ನಾನು ಯಾಕ ಅಂತ ಕೇಳಂಗಿಲ್ಲ.

ಕೊಟ್ರಬಸಮ್ಮ